ಕುರಿ, ಮೇಕೆಯ ಹಲ್ಲು ನೋಡಿ ವಯಸ್ಸು ತಿಳಿಯುವುದು ಹೇಗೆ: ತುಮಕೂರು ಸೀಮೆಯ ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಗೆ ಬರುವ ಕುರಿಗಳ ಹುಟ್ಟಿದ ತಾರೀಕು ಯಾರೂ ಬರೆದಿಟ್ಟಿರುವುದಿಲ್ಲ. ಮಾರುವವರು "ಎರಡು ಹಲ್ಲು" ಅನ್ನುತ್ತಾರೆ. ಕೊಳ್ಳುವವರು ತುಟಿ ಬಿಡಿಸಿ ನೋಡುತ್ತಾರೆ. ಬೆಲೆಯ ಮಾತು ಅಲ್ಲಿಂದ ಶುರು. ಹಳಬರಿಗೆ ಇದು ಒಂದು ಕ್ಷಣದ ಕೆಲಸ. ಆದರೆ ಊರಿಗೆ ವಾಪಸ್ ಬಂದು ಒಂದಷ್ಟು ಕುರಿ ಸಾಕೋಣ ಅನ್ನುವ ಹುಡುಗರು ಈಗ ಶಿರಾ, ಮಧುಗಿರಿ, ಪಾವಗಡ ಕಡೆ ಜಾಸ್ತಿಯಾಗುತ್ತಿದ್ದಾರೆ. ಅವರಲ್ಲಿ ಬಹಳ ಮಂದಿಗೆ ಬಾಯಿ ಬಿಡಿಸಿದ ಮೇಲೆ ಏನು ನೋಡಬೇಕು ಅನ್ನೋದೇ ಗೊತ್ತಿರುವುದಿಲ್ಲ. ಮುದಿ ಕುರಿಗೆ ಪ್ರಾಯದ ಕುರಿಯ ಬೆಲೆ ಕೊಟ್ಟು ಬಂದರೆ ಆ ನಷ್ಟ ಮೂರು ನಾಲ್ಕು ಸೂಲು ಕಾಡುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲು ಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಹೆಚ್ಚುಕಡಿಮೆ ವಯಸ್ಸಿನ ಲೆಕ್ಕದಲ್ಲೇ ನಡೆಯುತ್ತದೆ. ಬಂದ ಹಲ್ಲು ಸವೆಯುವುದು ಮಾತ್ರ ಮೇವು, ಮಣ್ಣು, ನೀರಿನ ಲೆಕ್ಕದಲ್ಲಿ. ಹಾಗಾಗಿ ಎಷ್ಟು ಹಲ್ಲು ಬದಲಾಗಿವೆ ಅನ್ನುವುದನ್ನು ನಂಬಬಹುದು. ಎಷ್ಟು ಸವೆದಿವೆ ಅನ್ನುವುದನ್ನು ಅಷ್ಟು ಸುಲಭಕ್ಕೆ ನಂಬಬಾರದು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತೂ ಸುತರಾಂ ನಂಬಬಾರದು. ಯಾಕೆ ಅಂತ ಮುಂದೆ ಬರುತ್ತದೆ.

ಬಾಯಿಯೊಳಗೆ ಏನಿರುತ್ತದೆ

ಕುರಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ. ಅಲ್ಲಿ ಗಟ್ಟಿ ವಸಡು ಮಾತ್ರ. ಹೊಸಬರು ಇದನ್ನು ನೋಡಿ ಹಲ್ಲು ಉದುರಿದೆ ಅಂತ ಗಾಬರಿಯಾಗುವುದುಂಟು. ಹಸು, ಎಮ್ಮೆ, ಮೇಕೆ, ಜಿಂಕೆ ಎಲ್ಲಕ್ಕೂ ಹೀಗೇ. ಕೆಳಗಿನ ದವಡೆಯ ಮುಂದೆ ಎಂಟು ಹಲ್ಲು, ಅಂದರೆ ನಾಲ್ಕು ಜೊತೆ. ಇವೇ ನಾವು ಎಣಿಸುವ ಹಲ್ಲು. ಅವುಗಳ ಹಿಂದೆ ಒಂದಷ್ಟು ಜಾಗ ಖಾಲಿ. ಆಮೇಲೆ ದವಡೆ ಹಲ್ಲುಗಳು ಶುರುವಾಗುತ್ತವೆ. ಬೆಳೆದ ಕುರಿಗೆ ಮೇಲೆ, ಕೆಳಗೆ, ಎರಡೂ ಪಕ್ಕ ಆರಾರು ದವಡೆ ಹಲ್ಲು. ಒಟ್ಟು 32. ಮರಿಗೆ ಇರುವ ಹಾಲು ಹಲ್ಲು 20.

ಮರಿ ಹುಟ್ಟುವಾಗ ಹಲ್ಲು ಇಲ್ಲದೆಯೂ ಇರಬಹುದು, ಒಂದೆರಡು ಮೂಡಿಯೂ ಇರಬಹುದು. ಒಂದು ತಿಂಗಳ ಹೊತ್ತಿಗೆ ಎಂಟೂ ಹಾಲು ಹಲ್ಲು ಬಂದಿರುತ್ತವೆ. ಅಲ್ಲಿಂದ ಒಂದು ವರ್ಷದವರೆಗೆ ಮುಂದಿನ ಹಲ್ಲು ನೋಡಿ ತಿಂಗಳು ಹೇಳಲಾಗುವುದಿಲ್ಲ. ಮರಿಯ ಮೈಕಟ್ಟು ನೋಡಿಯೇ ಅಂದಾಜು ಮಾಡಬೇಕು.

ಹಿಡಿಯುವುದು, ಬಾಯಿ ಬಿಡಿಸುವುದು

ಬೆಳಕಿರುವ ಕಡೆ ಹಿಡಿಯಿರಿ. ಸಂತೆಯಲ್ಲಿ ಬೆಳಗಿನ ಜಾವ ಟಾರ್ಚ್ ಹಾಕಿ ನೋಡುವವರೂ ಇದ್ದಾರೆ. ಆದರೆ ಟಾರ್ಚ್ ಬೆಳಕಲ್ಲಿ ಹಲ್ಲಿನ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಕುರಿಯನ್ನು ಗೋಡೆಗೋ ಬೇಲಿಗೋ ಒತ್ತಿ ನಿಲ್ಲಿಸಿ, ಕುತ್ತಿಗೆಯನ್ನು ನಿಮ್ಮ ಎರಡು ಕಾಲುಗಳ ನಡುವೆ ಸೇರಿಸಿಕೊಳ್ಳಿ. ಎಡಗೈ ಗದ್ದದ ಕೆಳಗೆ ಇರಲಿ. ತಲೆಯನ್ನು ಸ್ವಲ್ಪ ಮಾತ್ರ ಎತ್ತಿ, ಜಾಸ್ತಿ ಎತ್ತಿದರೆ ಅದು ಒದ್ದಾಡುತ್ತದೆ. ಬಲಗೈ ಹೆಬ್ಬೆರಳಿನಿಂದ ಕೆಳತುಟಿಯನ್ನು ಕೆಳಗೆ ತಳ್ಳಿ, ತೋರುಬೆರಳಿನಿಂದ ಮೇಲ್ತುಟಿಯನ್ನು ಮೇಲೆತ್ತಿ. ಅಷ್ಟೇ ಸಾಕು. ಬಾಯಿ ಅಗಲಿಸುವ ಅವಶ್ಯಕತೆ ಇಲ್ಲ. ದವಡೆಯ ಒಳಗೆ ಬೆರಳು ಹಾಕಲೇಬೇಡಿ, ಹಿಂದಿನ ಹಲ್ಲುಗಳು ಬೆರಳನ್ನು ಸೀಳುವಷ್ಟು ಚೂಪಾಗಿರುತ್ತವೆ.

ಗಬ್ಬದ ಕುರಿಯನ್ನು ಕೆಡವಿ ನೋಡಬೇಡಿ, ನಿಂತಂತೆಯೇ ನೋಡಿ.

ತುಟಿಯ ಮೇಲೆ ಹುಣ್ಣು, ಹಕ್ಕಳೆ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಬಾಯಿ ಸುತ್ತ ಹುಣ್ಣಾಗುವ ಒಂದು ವೈರಸ್ ಕಾಯಿಲೆ ಕುರಿ, ಮೇಕೆಯಿಂದ ಮನುಷ್ಯರ ಕೈಗೂ ಅಂಟುತ್ತದೆ. ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಆಡುವ ಪ್ರಾಣಿಯ ಬಾಯಿಗಂತೂ ಕೈ ಹಾಕುವುದೇ ಬೇಡ. ರೇಬೀಸ್ ದನ, ಕುರಿಗೂ ಬರುತ್ತದೆ. ಒಂದು ರೊಪ್ಪದ ಕುರಿಗಳನ್ನೆಲ್ಲ ಸಾಲಾಗಿ ನೋಡುವಾಗ ಕೈಗವಸು ಹಾಕಿ, ನಡುನಡುವೆ ಕೈ ತೊಳೆದುಕೊಳ್ಳಿ. ನೀಲಿ ನಾಲಿಗೆ ರೋಗ, ಕಾಲುಬಾಯಿ ರೋಗ ಇದ್ದ ಹಿಂಡಿನಲ್ಲಿ ಆಗ ಹಲ್ಲು ನೋಡುವ ಕೆಲಸವೇ ಬೇಡ, ಬಾಯಿ ಮೊದಲೇ ಉರಿಯುತ್ತಿರುತ್ತದೆ.

ಹಾಲು ಹಲ್ಲು ಯಾವುದು, ದೊಡ್ಡ ಹಲ್ಲು ಯಾವುದು

ಇದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಹಾಲು ಹಲ್ಲು ಸಣ್ಣದು, ಕಿರಿದು, ಬಿಳುಪು ಜಾಸ್ತಿ. ದೊಡ್ಡ ಹಲ್ಲು ಅದರ ಹೆಚ್ಚುಕಡಿಮೆ ಎರಡರಷ್ಟು ಅಗಲ, ಉದ್ದ, ತುದಿಯಲ್ಲಿ ಸಲಿಕೆಯ ಹಾಗೆ ಹರಡಿರುತ್ತದೆ. ಬಣ್ಣ ಸ್ವಲ್ಪ ಹಳದಿಗೆ ತಿರುಗಿರುತ್ತದೆ. ಎರಡೂ ಅಕ್ಕಪಕ್ಕ ಇದ್ದಾಗ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಎಂಟೂ ಒಂದೇ ಥರ ಇದ್ದಾಗಲೇ ಗೊಂದಲ ಆಗೋದು.

ಬದಲಾಗುವ ಕ್ರಮ ಯಾವಾಗಲೂ ನಡುವಿನಿಂದ ಹೊರಗಡೆಗೆ. ಮೊದಲು ನಡುವಿನ ಜೊತೆ, ಆಮೇಲೆ ಅದರ ಅಕ್ಕಪಕ್ಕದ ಜೊತೆ, ಹೀಗೆ ಕೊನೆಯ ಜೊತೆಯವರೆಗೆ. ನಡುವೆ ಹಾಲು ಹಲ್ಲು ಉಳಿದು ಅಂಚಿನಲ್ಲಿ ದೊಡ್ಡ ಹಲ್ಲು ಬಂದಿದೆ ಅಂತ ಕಂಡರೆ ಇನ್ನೊಮ್ಮೆ ನೋಡಿ. ಅದು ಮುರಿದ ಹಲ್ಲೋ, ಸವೆದ ಹಲ್ಲೋ ಇರುತ್ತದೆ.

ಎಣಿಸಿದ ಮೇಲೆ ಲೆಕ್ಕ

ಎಂಟೂ ಹಾಲು ಹಲ್ಲೇ ಇದ್ದರೆ ಅದು ಹಲ್ಲು ಹಾಕದ ಮರಿ, ಸಾಮಾನ್ಯವಾಗಿ ಒಂದು ವರ್ಷದ ಒಳಗಿನದು. ಕೆಲವು ಮರಿ ಒಂದೂಕಾಲು ವರ್ಷದವರೆಗೂ ಹಾಗೇ ಇರುತ್ತವೆ.

ಎರಡು ಹಲ್ಲು, ಅಂದರೆ ಎರಡು ದೊಡ್ಡ ಹಲ್ಲು ಬಂದಿದ್ದರೆ: ಒಂದರಿಂದ ಒಂದೂವರೆ ವರ್ಷ. ಬಕ್ರೀದ್ ಹತ್ತಿರ ಬಂದಾಗ ಕೇಳುವುದೆಲ್ಲ ಈ ಎರಡು ಹಲ್ಲಿನ ಟಗರು, ಹೋತಗಳನ್ನೇ. ಕುರ್ಬಾನಿಗೆ ಮೇಕೆ ಒಂದು ವರ್ಷ ತುಂಬಿರಬೇಕು. ಎರಡು ಹಲ್ಲು ಕಂಡರೆ ಕೊಳ್ಳುವವರಿಗೆ ಆ ಬಗ್ಗೆ ಧೈರ್ಯ. ಹಾಗಾಗಿ ಮರಿ ಸಾಕುವವರು ಹಬ್ಬಕ್ಕೆ ಹದಿನಾಲ್ಕು ಹದಿನೈದು ತಿಂಗಳು ಮುಂಚೆ ಹುಟ್ಟಿದ ಗಂಡು ಮರಿಗಳನ್ನು ಬೇರೆ ಮಾಡಿ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ನಾಲ್ಕು ಹಲ್ಲು: ಒಂದೂವರೆಯಿಂದ ಎರಡು ವರ್ಷ, ಸ್ವಲ್ಪ ಹೆಚ್ಚೂ ಆಗಬಹುದು. ಆರು ಹಲ್ಲು: ಎರಡೂವರೆಯಿಂದ ಮೂರು. ಎಂಟು ಹಲ್ಲು, ಅಂದರೆ ಬಾಯಿಗೂಡಿದ ಕುರಿ: ಮೂರರಿಂದ ನಾಲ್ಕು ವರ್ಷಕ್ಕೆ ಈ ಹಂತ ಮುಟ್ಟುತ್ತದೆ.

ಈ ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಿದಂತೆ ಹಿಡಿಯಬೇಡಿ. ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ಹಿಂಡಿ ತಿಂದು ಬೆಳೆದ ಮರಿ ಬೇಗ ಹಲ್ಲು ಹಾಕುತ್ತದೆ. ಬರದ ವರ್ಷ ಹುಟ್ಟಿ, ಬೋಳು ಗುಡ್ಡದಲ್ಲಿ ಮೇದ ಮರಿ ಎರಡು ಮೂರು ತಿಂಗಳು ತಡ ಮಾಡುತ್ತದೆ. ತಳಿಯಿಂದ ತಳಿಗೂ ವ್ಯತ್ಯಾಸ ಇದೆ. ಆದ್ದರಿಂದ "ಹದಿನೆಂಟು ತಿಂಗಳು" ಅಂತ ಖಡಕ್ಕಾಗಿ ಹೇಳುವವರಿಗಿಂತ "ಒಂದೂವರೆ, ಹತ್ತಿರ ಹತ್ತಿರ ಎರಡು" ಅನ್ನುವವರ ಮಾತು ಹೆಚ್ಚು ನಿಜ.

ನಡುವಿನ ಹಂತಗಳನ್ನೂ ಗಮನಿಸಿ, ಅಲ್ಲಿ ಒಳ್ಳೆ ಮಾಹಿತಿ ಸಿಗುತ್ತದೆ. ನಡುವಿನ ಜೊತೆ ಬಿದ್ದು ವಸಡಿನಲ್ಲಿ ಹೊಸ ಹಲ್ಲಿನ ತುದಿ ಮಾತ್ರ ಕಾಣುತ್ತಿದ್ದರೆ ಮರಿ ವರ್ಷ ದಾಟಿದ ಹೊಸದು. ಎರಡೂ ದೊಡ್ಡ ಹಲ್ಲು ಪೂರ್ತಿ ಮೇಲೆ ಬಂದು, ಪಕ್ಕದ ಹಾಲು ಹಲ್ಲು ಅಲ್ಲಾಡುತ್ತಿದ್ದರೆ ಅದು ನಾಲ್ಕು ಹಲ್ಲಿಗೆ ಹತ್ತಿರ. ಎರಡಕ್ಕೂ "ಎರಡು ಹಲ್ಲು" ಅಂತಲೇ ಹೆಸರು, ಆದರೆ ನಡುವೆ ಐದಾರು ತಿಂಗಳ ಅಂತರ ಇರಬಹುದು. ಜೊತೆಯಲ್ಲಿ ಒಂದೇ ಹಲ್ಲು ಬಂದಿದ್ದರೆ ಇನ್ನೊಂದು ಹಿಂದೆಯೇ ಬರುತ್ತದೆ, ಅದು ದೋಷವಲ್ಲ.

ಮೇಕೆಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಸಂತೆಯಲ್ಲಿ ಕಣ್ಣು ಮೋಸ ಹೋಗುವ ಜಾಗ

ಎರಡು ಥರದ ಗೊಂದಲ ಬಹಳ ಸಾಮಾನ್ಯ. ಮೊದಲನೆಯದು, ಹನ್ನೊಂದು ಹನ್ನೆರಡು ತಿಂಗಳ ಮರಿಯ ಹಾಲು ಹಲ್ಲು. ಅಷ್ಟು ಹೊತ್ತಿಗೆ ಅವು ಸವೆದು, ನಡುವೆ ಸಂದು ಬಿಟ್ಟು, ಕೆಲವು ಅಲ್ಲಾಡುತ್ತಾ ಇರುತ್ತವೆ. ನೋಡಿದರೆ ಮುದಿ ಬಾಯಿಯ ಥರ ಕಾಣುತ್ತದೆ.

ಎರಡನೆಯದು ಇದಕ್ಕೆ ಉಲ್ಟಾ, ಜೇಬಿಗೆ ಹೊಡೆತ ಕೊಡುವಂಥದ್ದು. ದೊಡ್ಡ ಹಲ್ಲು ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು. ವಯಸ್ಸಾದ ಕುರಿಯಲ್ಲಿ ಆ ಅಗಲದ ತುದಿಯೆಲ್ಲ ಸವೆದು ಹೋಗಿ ಬುಡದ ಕಿರಿದಾದ ಮೊಳೆ ಮಾತ್ರ ಉಳಿಯುತ್ತದೆ. ಸಣ್ಣ, ಕಿರಿದಾದ ಎಂಟು ಹಲ್ಲು! ಹೊಸಬರ ಕಣ್ಣಿಗೆ ಅದು ಹಾಲು ಹಲ್ಲು. ಹೇಗೆ ಗುರುತಿಸಬೇಕು? ವಸಡು ನೋಡಿ. ಮುದಿ ಕುರಿಯ ವಸಡು ಕೆಳಗೆ ಸರಿದು ಬೇರಿನ ಹಳದಿ ಭಾಗ ಕಾಣುತ್ತದೆ. ಹಲ್ಲುಗಳು ದುಂಡಗೆ, ಒಂದಕ್ಕೊಂದು ದೂರ ದೂರ. ಮರಿಯ ವಸಡು ಹಲ್ಲಿನ ಕತ್ತನ್ನು ಅಪ್ಪಿಕೊಂಡಿರುತ್ತದೆ. ಆಮೇಲೆ ಕೆಚ್ಚಲು ನೋಡಿ. ಮರಿ ಹಾಕಿದ ಕುರಿಯ ಕೆಚ್ಚಲು, ಮೊಲೆತೊಟ್ಟು ಸುಳ್ಳು ಹೇಳುವುದಿಲ್ಲ. ಮೈಯ ಗಾತ್ರ, ಬೆನ್ನು, ಗೊರಸು ಎಲ್ಲವನ್ನೂ ಸೇರಿಸಿ ನೋಡಬೇಕು.

ಕೆಲವು ಕಡೆ ಉದ್ದ ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡುವುದೂ ಉಂಟು. ತುದಿ ಅತಿ ಸಮವಾಗಿ, ಗೆರೆ ಎಳೆದ ಹಾಗಿದ್ದರೆ ಬೆರಳಿಂದ ಸವರಿ ನೋಡಿ. ತಾನಾಗಿ ಸವೆದ ಹಲ್ಲು ನುಣುಪು, ಉಜ್ಜಿದ್ದು ಒರಟು.

"ಯಜಮಾನ್ರೇ, ಸ್ವಲ್ಪ ಹಲ್ಲು ನೋಡ್ಲಾ?" ಅಂತ ಕೇಳಿಯೇ ಮುಟ್ಟಿ. ಕೇಳದೆ ಬಾಯಿಗೆ ಕೈ ಹಾಕಿದರೆ ಮಾರುವವರಿಗೆ ಬೇಜಾರಾಗುತ್ತದೆ. ಅದು ನ್ಯಾಯವೇ ಅಲ್ವಾ? ಕುರಿ ಇನ್ನೂ ಅವರದು.

ಬಾಯಿಗೂಡಿದ ಮೇಲೆ

ಎಂಟು ಹಲ್ಲು ಬಂದ ಮೇಲೆ ಎಣಿಸಲು ಏನೂ ಉಳಿಯುವುದಿಲ್ಲ. ಇಲ್ಲಿಂದ ಮುಂದೆ ಅಂದಾಜು. ಸಾಧಾರಣವಾಗಿ ನಾಲ್ಕೈದು ವರ್ಷದ ಕುರಿಯಲ್ಲಿ ಹಲ್ಲುಗಳು ಒತ್ತಾಗಿ, ಅಗಲವಾಗಿ, ಸಾಲಾಗಿ ಇರುತ್ತವೆ. ಆರರ ಹೊತ್ತಿಗೆ ಹಲ್ಲುಗಳ ನಡುವೆ ಸಂದು ಕಾಣತೊಡಗುತ್ತದೆ. ಆಮೇಲೆ ಒಂದೊಂದೇ ಮುರಿಯುತ್ತವೆ, ಬೀಳುತ್ತವೆ. ಕೊನೆಗೆ ಬೋಳು ಬಾಯಿ.

ಈ ಲೆಕ್ಕ ಮೇವಿನ ಮೇಲೆ ನಿಂತಿದೆ. ಕುರಿ ನೆಲಕ್ಕೆ ಬಾಯಿ ಹಚ್ಚಿ ಗಿಡ್ಡ ಹುಲ್ಲು ಮೇಯುತ್ತದೆ. ಅದರ ಜೊತೆ ಮರಳು, ಮಣ್ಣು ಬಾಯಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಪಾವಗಡದ ಕಡೆ ಮೇವೇ ಇಲ್ಲದಾಗ ಕುರಿ ಕೆರೆದು ತಿನ್ನುವುದರಲ್ಲಿ ಮಣ್ಣೇ ಜಾಸ್ತಿ. ಮೇಕೆ ತಲೆ ಎತ್ತಿ ಜಾಲಿ, ಬೇಲಿಯ ಸೊಪ್ಪು ತಿನ್ನುತ್ತದೆ. ಹಾಗಾಗಿ ಒಂದೇ ವಯಸ್ಸಿನ ಕುರಿಯ ಹಲ್ಲು ಮೇಕೆಯ ಹಲ್ಲಿಗಿಂತ ಬೇಗ ಸವೆದಿರುತ್ತದೆ. ಕಟ್ಟಿ ಮೇಯಿಸಿದ ಕುರಿಯ ಬಾಯಿ ಏಳು ವರ್ಷಕ್ಕೂ ಚೆನ್ನಾಗಿರಬಹುದು.

ಕೊಳ್ಳುವವರಿಗೆ ಇಲ್ಲಿ ನನ್ನ ಸಲಹೆ: ಬಾಯಿಗೂಡಿದ ಕುರಿಯ ವಯಸ್ಸು ಎಷ್ಟು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಈ ಬಾಯಲ್ಲಿ ಇನ್ನೆಷ್ಟು ದಿನ ಮೇಯಬಲ್ಲದು ಅಂತ ನೋಡಿ. ಮರಿ ಸಾಕಲು ಹೊರಟವರು ನಾಲ್ಕು ಅಥವಾ ಆರು ಹಲ್ಲಿನ ಕುರಿ ಕೊಳ್ಳುವುದು ಕ್ಷೇಮ. ವಯಸ್ಸೂ ಖಚಿತ, ಮುಂದೆ ಮರಿ ಹಾಕುವ ವರ್ಷಗಳೂ ಉಳಿದಿರುತ್ತವೆ.

ನಮ್ಮ ನೀರು, ನಮ್ಮ ಕುರಿಯ ಹಲ್ಲು

ಪಾವಗಡದ ನೀರಿನ ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತು. ಶಿರಾ, ಮಧುಗಿರಿ, ಬಾಗೇಪಲ್ಲಿ, ಕೋಲಾರದ ಹಲವು ಊರುಗಳಲ್ಲೂ ಇದೇ ಗೋಳು. ಇಲ್ಲಿನ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಆಳದ ಬೋರ್‌ವೆಲ್ ನೀರು ಬಹಳ ಕಾಲ ಕಲ್ಲಿಗೆ ತಾಗಿಕೊಂಡಿದ್ದು ಅದನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಮನುಷ್ಯರಿಗೆ ಶುದ್ಧ ನೀರಿನ ಘಟಕ ಬಂದಿದೆ. ಕುರಿ ಕುಡಿಯುವುದು ಮಾತ್ರ ತೊಟ್ಟಿಯ ಬೋರ್‌ವೆಲ್ ನೀರನ್ನೇ.

ಹಲ್ಲು ವಸಡಿನೊಳಗೆ ತಯಾರಾಗುತ್ತಿರುವಾಗ ಫ್ಲೋರೈಡ್ ಹೆಚ್ಚು ಸಿಕ್ಕರೆ ಅದರ ಮೇಲ್ಪದರ ಗಟ್ಟಿಯಾಗುವುದಿಲ್ಲ. ಹಲ್ಲು ಬಂದ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ, ಸಣ್ಣ ಗುಳಿ ಕಾಣುತ್ತವೆ. ಬೇಗ ಸವೆಯುತ್ತವೆ. ಹೀಗಾಗಿ ನಾಲ್ಕು ವರ್ಷದ ಕುರಿಯ ಬಾಯಿ ಏಳು ವರ್ಷದ್ದರಂತೆ ಕಾಣಬಹುದು. ಒಳ್ಳೆ ಪ್ರಾಯದ ಕುರಿಯನ್ನು ಮುದಿ ಅಂತ ಕಸಾಯಿಗೆ ಕೊಡುವುದು ಹೀಗೇ. ಸಾಕಿದವರಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ.

ಗುರುತಿಸುವುದು ಹೀಗೆ. ಫ್ಲೋರೈಡ್ ಕಲೆ ಬಲ, ಎಡ ಎರಡೂ ಕಡೆಯ ಜೊತೆ ಹಲ್ಲಿನ ಮೇಲೆ ಒಂದೇ ಥರ ಇರುತ್ತದೆ. ಉಗುರಿನಿಂದ ಕೆರೆದರೆ ಹೋಗುವುದಿಲ್ಲ. ಸೊಪ್ಪಿನ ಕರೆ, ಹಲ್ಲಿನ ಕಿಟ್ಟ ಕೆರೆದರೆ ಸ್ವಲ್ಪವಾದರೂ ಏಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಒಂದೊಂದು ಜೊತೆ ಹಲ್ಲು ಒಂದೊಂದು ಕಾಲದಲ್ಲಿ ತಯಾರಾಗುತ್ತದೆ. ಒಳ್ಳೆ ನೀರಿನ ಊರಲ್ಲಿ ಹುಟ್ಟಿ ವರ್ಷ ದಾಟಿದ ಮೇಲೆ ಫ್ಲೋರೈಡ್ ಊರಿಗೆ ಬಂದ ಕುರಿಯಲ್ಲಿ ನಡುವಿನ ಜೊತೆ ಶುಭ್ರವಾಗಿದ್ದು, ಅಂಚಿನ ಜೊತೆಗಳಲ್ಲಿ ಕಲೆ ಇರಬಹುದು. ಬಾಯಿಗೂಡಿದ ಮೇಲೆ ಬಂದ ಕುರಿಯ ಹಲ್ಲಿಗೆ ಈ ಕಲೆ ಬರುವುದಿಲ್ಲ. ಅಂದರೆ ಕಲೆ ನೋಡಿ ಆ ಕುರಿ ಎಳೆಯ ವಯಸ್ಸಿನಲ್ಲಿ ಎಂಥ ನೀರು ಕುಡಿದಿತ್ತು ಅಂತ ಹೇಳಬಹುದು.

ಕಲೆ ಇರುವ ಬಾಯಲ್ಲಿ ಸವೆತದ ಲೆಕ್ಕ ಬಿಟ್ಟುಬಿಡಿ. ಎಷ್ಟು ಜೊತೆ ಬದಲಾಗಿದೆ ಅಂತ ಮಾತ್ರ ಬರೆದುಕೊಳ್ಳಿ. ಎಂಟೂ ಬಂದಿದ್ದರೆ "ನಾಲ್ಕು ವರ್ಷದ ಆಸುಪಾಸು ಅಥವಾ ಮೇಲೆ" ಅನ್ನುವುದಕ್ಕಿಂತ ಹೆಚ್ಚು ಹೇಳಬೇಡಿ. ಜೊತೆಗೆ ಕುಂಟುತ್ತಿದೆಯಾ, ಕಾಲಿನ ಎಲುಬಿನಲ್ಲಿ ಗಂಟು ಇದೆಯಾ ನೋಡಿ. ಇದ್ದರೆ ಪಶುವೈದ್ಯರಿಗೆ ತೋರಿಸಿ. ಮಳೆ ನೀರು ನಿಂತ ಕುಂಟೆ, ಕೃಷಿ ಹೊಂಡದ ನೀರನ್ನು ಮರಿಗಳಿಗೆ ಮೊದಲು ಕುಡಿಸಿ. ಹಲ್ಲು ತಯಾರಾಗುವ ವಯಸ್ಸು ಅವುಗಳದ್ದೇ.

ದನ, ಎಮ್ಮೆಗೆ

ನೋಡುವ ರೀತಿ ಒಂದೇ, ವರ್ಷಗಳು ಬೇರೆ. ಹಳ್ಳಿಕಾರ್‌ನಂಥ ನಾಟಿ ದನ ಎರಡರಿಂದ ಎರಡೂವರೆ ವರ್ಷಕ್ಕೆ ಎರಡು ಹಲ್ಲು ಹಾಕಿ, ನಾಲ್ಕೂವರೆ ಐದಕ್ಕೆ ಬಾಯಿಗೂಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಹಾಲಿನ ಊರುಗಳ ಮಿಶ್ರತಳಿ ಹಸು ಇದಕ್ಕಿಂತ ಬೇಗ. ಎಮ್ಮೆ ತಡ, ಬಾಯಿಗೂಡಲು ಐದಾರು ವರ್ಷ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಜೋಡಿ ಎತ್ತುಗಳ ಹಲ್ಲು ನೋಡುವ ಹಿರಿಯರ ಪಕ್ಕ ಸುಮ್ನೆ ನಿಂತರೂ ಬಹಳಷ್ಟು ಕಲಿಯಬಹುದು. ಕೊಂಬಿನ ಬಳೆ ಎಣಿಸಿ ಎರಡು ಸೇರಿಸುವ ಲೆಕ್ಕವೂ ಇದೆ. ಜಾತ್ರೆಗೆ ಮುಂಚೆ ಕೊಂಬು ಹೆರೆದು ಎಣ್ಣೆ ಹಚ್ಚುವುದರಿಂದ ಅದನ್ನು ನಂಬಲಾಗದು.

ದವಡೆ ಎಲುಬಿನಲ್ಲಿ ಅಭ್ಯಾಸ

ಜೀವಂತ ಕುರಿಯ ಹಿಂದಿನ ಹಲ್ಲು ನೋಡುವುದು ಕಷ್ಟ. ಆದರೆ ಮಟನ್ ಅಂಗಡಿಯವರನ್ನು ಕೇಳಿದರೆ ಕೆಳದವಡೆ ಕೊಡುತ್ತಾರೆ. ಬೇಯಿಸಿ, ಉಜ್ಜಿ, ಒಣಗಿಸಿ ಸಾಲಾಗಿ ಇಟ್ಟುಕೊಳ್ಳಿ. ಕಲಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಮುಂದಿನಿಂದ ಮೂರನೇ ದವಡೆ ಹಲ್ಲನ್ನು ಹುಡುಕಿ. ಅದು ಹಾಲು ಹಲ್ಲಾಗಿದ್ದರೆ ಮೂರು ಭಾಗವಾಗಿ ಕಾಣುತ್ತದೆ. ಅದು ಬಿದ್ದು ಬರುವ ದೊಡ್ಡ ಹಲ್ಲಿಗೆ ಮೂರು ಭಾಗ ಇರುವುದಿಲ್ಲ, ಅಗಲವೂ ಕಡಿಮೆ. ಈ ಬದಲಾವಣೆ ಒಂದೂವರೆಯಿಂದ ಎರಡು ವರ್ಷದ ನಡುವೆ ಆಗುತ್ತದೆ. ಅದರ ಹಿಂದೆ ಬರುವ ಮೂರು ಹಲ್ಲುಗಳಲ್ಲಿ ಮೊದಲನೆಯದು ಸುಮಾರು ಮೂರು ತಿಂಗಳಿಗೆ, ಎರಡನೆಯದು ಒಂಬತ್ತು ತಿಂಗಳ ಆಸುಪಾಸು, ಕೊನೆಯದು ಒಂದೂವರೆ ವರ್ಷ ದಾಟಿ ಎರಡರ ಹೊತ್ತಿಗೆ ಬರುತ್ತದೆ. ಮುಂದಿನ ಹಲ್ಲು ಏನೂ ಹೇಳದ ಮರಿಯ ತಿಂಗಳುಗಳನ್ನು ಈ ಹಿಂದಿನ ಹಲ್ಲು ಹೇಳುತ್ತದೆ.

ಉತ್ತರದ ಹಿಮದ ನಾಡುಗಳಲ್ಲಿ ಹಿಮಸಾರಂಗದ ವಯಸ್ಸು ತಿಳಿಯಲು ಇದೇ ದವಡೆ ಹಲ್ಲುಗಳನ್ನು ನೋಡುತ್ತಾರೆ. ಉತ್ತರ ಅಮೆರಿಕದ ಕಾಡುಪ್ರಾಣಿ ಕ್ಯಾರಿಬೂ, ಯುರೋಪಿನ ಸಾಮಿ ಜನ ಸಾಕುವ ಹಿಮಸಾರಂಗ ಎರಡೂ ಒಂದೇ ಜಾತಿ. ಅವುಗಳ ಮುಂದಿನ ಹಲ್ಲು ಎರಡನೇ ವರ್ಷದೊಳಗೇ ಬದಲಾಗಿ ಮುಗಿಯುತ್ತವೆ. ಹಾಗಾಗಿ ನಮ್ಮ ಥರ "ನಾಲ್ಕು ಹಲ್ಲು, ಆರು ಹಲ್ಲು" ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡೂವರೆ ವರ್ಷದ ಹೊತ್ತಿಗೆ ದವಡೆ ಹಲ್ಲುಗಳೂ ಪೂರ್ತಿ ಬಂದಿರುತ್ತವೆ. ಆದರೆ ಅವರಿಗೆ ಒಂದು ಅನುಕೂಲ ಇದೆ. ಅಲ್ಲಿನ ಮರಿಗಳೆಲ್ಲ ಮೇ, ಜೂನ್‌ನಲ್ಲೇ ಹುಟ್ಟುತ್ತವೆ. ಚಳಿಗಾಲದ ಮುಂಚೆ ಸಿಕ್ಕ ಪ್ರಾಣಿ ಅರ್ಧ, ಒಂದೂವರೆ, ಎರಡೂವರೆ, ಹೀಗೇ ಇರಬೇಕು. ನಮ್ಮ ಕುರಿ ವರ್ಷವಿಡೀ ಮರಿ ಹಾಕುತ್ತವೆ. ನಾವು ಯಾವಾಗಲೂ "ಇಷ್ಟರಿಂದ ಇಷ್ಟು" ಅಂತ ಹೇಳಬೇಕಾಗುವುದು ಅದಕ್ಕೇ.

ಇನ್ನೂ ಖಚಿತವಾಗಿ ಬೇಕಾದಾಗ ಅಲ್ಲಿನ ವಿಜ್ಞಾನಿಗಳು ಸತ್ತ ಪ್ರಾಣಿಯ ಹಲ್ಲು ಕಿತ್ತು, ಆಸಿಡ್‌ನಲ್ಲಿ ಮೆದು ಮಾಡಿ, ಬೇರಿನ ಭಾಗವನ್ನು ತೆಳ್ಳಗೆ ಹೆರೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಬೇರಿನ ಸುತ್ತ ಸಿಮೆಂಟಮ್ ಅನ್ನುವ ಪದರ ಜೀವನಪೂರ್ತಿ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗಿ ಒಂದು ಕಪ್ಪು ಗೆರೆ ಬೀಳುತ್ತದೆ. ಆ ಗೆರೆಗಳನ್ನು ಎಣಿಸಿದರೆ ಎಷ್ಟು ಚಳಿಗಾಲ ಕಂಡಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಅಂಥ ಹಿಮಗಾಲ ಇಲ್ಲ. ಹಾಗಾಗಿ ಗೆರೆಗಳು ಅಷ್ಟು ಚೊಕ್ಕವಾಗಿ ಬೀಳುವುದಿಲ್ಲ.

ಬರೆದಿಡುವುದು

ಒಂದು ನೋಟ್‌ಬುಕ್ ಇಡಿ. ಕಿವಿಯೋಲೆ ಇದ್ದರೆ ಅದರ 12 ಅಂಕಿಯ ನಂಬರ್, ನೋಡಿದ ತಾರೀಕು, ಎಷ್ಟು ಹಲ್ಲು, ಪೂರ್ತಿ ಬಂದಿದೆಯಾ ಅರ್ಧ ಬಂದಿದೆಯಾ, ಕಲೆ ಇದೆಯಾ, ಮುರಿದಿದೆಯಾ, ಇಷ್ಟು ಬರೆಯಿರಿ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಇಡೀ ಹಿಂಡಿನ ಬಾಯಿ ನೋಡಿದರೆ ಸಾಕು. ನಿಮ್ಮ ರೊಪ್ಪದಲ್ಲೇ ಹುಟ್ಟಿದ ಮರಿಗಳ ತಾರೀಕು ತಪ್ಪದೆ ಬರೆಯಿರಿ. ಅವು ಯಾವ ತಿಂಗಳಲ್ಲಿ ಎರಡು ಹಲ್ಲು ಹಾಕಿದವು, ಯಾವಾಗ ನಾಲ್ಕು ಅಂತ ಗುರುತು ಮಾಡಿಕೊಂಡರೆ ಮೂರ್ನಾಲ್ಕು ವರ್ಷದಲ್ಲಿ ನಿಮ್ಮ ಮೇವಿಗೆ, ನಿಮ್ಮ ನೀರಿಗೆ, ನಿಮ್ಮ ತಳಿಗೆ ಹೊಂದುವ ಪಟ್ಟಿ ತಯಾರಾಗುತ್ತದೆ. ಮೇಲೆ ನಾನು ಕೊಟ್ಟ ತಿಂಗಳುಗಳಿಗೂ ಅದಕ್ಕೂ ವ್ಯತ್ಯಾಸ ಬಂದರೆ ನಿಮ್ಮ ಪಟ್ಟಿಯನ್ನೇ ಹಿಡಿಯಿರಿ. ವಿಮೆ ಮಾಡಿಸುವಾಗ ಪಶುವೈದ್ಯರು ವಯಸ್ಸು ಕೇಳಿದರೆ ಆ ಪುಸ್ತಕವನ್ನೇ ತೋರಿಸಿ.